ನಾನು ಓದದೆ ಬಿಟ್ಟ ಸಾಲು

ಹೋದ ತಿಂಗಳು ಹರಿಹರದಿಂದ ದಾವಣಗೆರೆಗೆ ಬರುವ ಬಸ್ಸಿನಲ್ಲಿ ನಾನು ಒಬ್ಬ ಹೆಂಗಸಿನ ಪಕ್ಕದಿಂದ ಎದ್ದು ಹೋಗಿ ಬೇರೆ ಸೀಟಿನಲ್ಲಿ ಕೂತೆ. ಅವಳ ತೊಡೆಯ ಮೇಲೆ ಬುಟ್ಟಿ ಇತ್ತು, ಬುಟ್ಟಿಯ ಮೇಲೆ ಎಲೆ ಮುಚ್ಚಿತ್ತು, ಎಲೆಯ ಸಂದಿನಿಂದ ಹಣ್ಣಾದ ಸೀತಾಫಲದ ವಾಸನೆ ಬರುತ್ತಿತ್ತು.

"ಬುಟ್ಟಿ ಕೆಳಗೆ ಇಡ್ತೀನಿ ಬಿಡ್ರಿ ಅಮ್ಮಾರೆ, ಕೂಡ್ರಿ," ಎಂದು ಆಕೆ ಕೂಗಿದಳು. ಬಸ್ಸಿನವರೆಲ್ಲ ತಿರುಗಿ ನೋಡಿದರು. ಇಸ್ತ್ರಿ ಮಾಡಿದ ಸೀರೆಯ ಮುದುಕಿಗೆ ಹಳ್ಳಿಯ ಬುಟ್ಟಿ ತಾಗಬಾರದೇನೋ ಎಂದುಕೊಂಡಿರಬೇಕು. ಅಂದುಕೊಳ್ಳಲಿ. ನಿಜ ಅದಕ್ಕಿಂತ ಕೆಟ್ಟದ್ದು.

ಆ ವಾಸನೆ ನನ್ನನ್ನು ದೊಣೆಗುಡ್ಡಕ್ಕೆ ಎಳೆದುಕೊಂಡು ಹೋಗುತ್ತದೆ. ಅಲ್ಲಿ ನಾನು ಕಳೆದದ್ದು ಹೆಚ್ಚುಕಡಿಮೆ ಒಂದೇ ವರ್ಷ. ಕೋವಿಡ್ ಮುಗಿದ ಮೇಲಿನ ಎರಡನೆಯ ವರ್ಷ ಅದು. ಆಮೇಲೆ ಅತ್ತ ತಲೆ ಹಾಕಲಿಲ್ಲ. ಕಾಲು ನೋವು ಅಂತ ಎಲ್ಲರಿಗೂ ಹೇಳಿದ್ದೆ. ಟು ಬಿ ಫೇರ್, ಕಾಲು ನೋವು ನನಗೆ ಇದ್ದದ್ದೇ. ಆದರೆ ಅದೇ ಕಾಲಿನಲ್ಲಿ ಮದುವೆಗಳಿಗೆ ಹೋಗಿದ್ದೇನೆ, ಎರಡು ಮಹಡಿ ಹತ್ತಿ ಪುಸ್ತಕ ಬಿಡುಗಡೆಗೂ ಹೋಗಿದ್ದೇನೆ.

ನನಗೀಗ ಎಪ್ಪತ್ನಾಲ್ಕು. ತಂಗಿ ವಿಮಲಳ ಜೊತೆ ಪಿ.ಜೆ. ಬಡಾವಣೆಯಲ್ಲಿ ಇದ್ದೇನೆ. ಅಪ್ಪ ಹರಿಹರದ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿದ್ದರು. ಹಟ ಹಿಡಿದು ನಮ್ಮಿಬ್ಬರನ್ನೂ ಕಾನ್ವೆಂಟಿಗೆ ಹಾಕಿದರು. ವಿಮಲ ಲೆಕ್ಕದಲ್ಲಿ ಜಾಣೆ, ನಾನು ಇಂಗ್ಲಿಷಿನಲ್ಲಿ. ಎಲೊಕ್ಯೂಷನ್ ಕಪ್ ನಾಲ್ಕು ವರ್ಷ ನಮ್ಮ ಮನೆಯ ಶೋಕೇಸಿನಲ್ಲೇ ಇತ್ತು. ಗಟ್ಟಿಯಾಗಿ ಓದುವುದನ್ನು ಕಲಿಸಿದವರು ಒಬ್ಬ ವಯಸ್ಸಾದ ಸಿಸ್ಟರ್. ಸಾಲು ಹಾರಿಸಿ ಓದಿದವರ ಬೆರಳ ಗೆಣ್ಣಿಗೆ ಸ್ಕೇಲಿನ ಅಂಚು ಬೀಳುತ್ತಿತ್ತು. "ಎವ್ರಿ ವರ್ಡ್, ಚೈಲ್ಡ್, ಎವ್ರಿ ವರ್ಡ್." ನನಗೆ ಆ ಏಟು ಒಮ್ಮೆಯೂ ಬೀಳಲಿಲ್ಲ. ಬಿದ್ದಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ಮೂವತ್ತೊಂದು ವರ್ಷ ಇಂಗ್ಲಿಷ್ ಪಾಠ ಹೇಳಿ ರಿಟೈರ್ ಆದ ಮೇಲೆ ಇಂಗ್ಲಿಷ್ ಪೇಪರೊಂದರ ಭಾನುವಾರದ ಪುಟಕ್ಕೆ ಆಗಾಗ ಬರೆಯುತ್ತಿದ್ದೆ. ಗುಬ್ಬಚ್ಚಿ, ಬೆಣ್ಣೆದೋಸೆ, ಹಳೆಯ ಸೈಕಲ್ಲು, ಇಂಥವು. ನಮ್ಮ ಸ್ಕೂಲಿನ ವ್ಯಾನ್ ಓಡಿಸುತ್ತಿದ್ದ ಖಾದರ್ ಸಾಬ್ ಆ ಹೊತ್ತಿಗೆ ಸ್ವಂತ ಲಗೇಜ್ ಆಟೋ ಇಟ್ಟುಕೊಂಡಿದ್ದರು. ಸೀತಾಫಲದ ಕಾಲದಲ್ಲಿ ಗುಡ್ಡದ ಬುಡದಿಂದ ಹರಿಹರದ ಮಾರ್ಕೆಟ್ಟಿಗೆ ಬುಟ್ಟಿಗಳನ್ನು ತರುವುದು ಅವರ ಕೆಲಸ. ಒಂದು ದಿನ ಮನೆಗೆ ಬಂದು ಬಾಗಿಲಲ್ಲೇ ನಿಂತರು.

"ಮೇಡಂ, ನಿಮ್ಮ ಹತ್ರ ಇಷ್ಟೊಂದು ಓದು ಖಾಲಿ ಬಿದ್ದೈತೆ. ಗುಡ್ಡದ ಜನಕ್ಕೆ ಜರಾ ಬರೆದು ಕೊಡ್ರಿ. ಪುಣ್ಯ ಬರ್ತೈತೆ."

ಒಳಗಿನಿಂದ ವಿಮಲ ಅಂದಳು: "ಪುಣ್ಯ ಅಲ್ಲ ಖಾದರ್, ಅವಳಿಗೆ ಪೇಪರಿಗೆ ಮ್ಯಾಟರ್ ಬೇಕು. ಕರ್ಕೊಂಡು ಹೋಗು."

ನಾವೆಲ್ಲ ನಕ್ಕೆವು.

ದೊಣೆಗುಡ್ಡ ಕೊಂಡಜ್ಜಿಯ ಕೆರೆ ದಾಟಿ, ಗುಡ್ಡಗಳ ಸಾಲಿನಲ್ಲಿ ಒಳಗೆ ಇದೆ. ಆಟೋ ಬುಡದವರೆಗೆ ಮಾತ್ರ ಹೋಗುತ್ತದೆ. ಅಲ್ಲಿಂದ ಕಲ್ಲು ದಾರಿ, ನನ್ನ ಕಾಲಿಗೆ ಮುಕ್ಕಾಲು ಗಂಟೆ. ಮೇಲೆ ಇಪ್ಪತ್ತೆರಡು ಮನೆ, ಒಂದು ಹುಣಸೆ ಮರ, ಬಂಡೆಯ ನಡುವೆ ಮಳೆನೀರು ನಿಲ್ಲುವ ಆಳವಾದ ಕಲ್ಲುಹೊಂಡ. ಅದಕ್ಕೇ ದೊಣೆ ಅನ್ನುತ್ತಾರೆ. ಊರು ಬದುಕಿದ್ದು ಅದರ ನೀರಿನಲ್ಲಿ. ಮನೆಗಳ ಹಿಂದೆ ಇಳಿಜಾರಿನಲ್ಲಿ ನವಣೆ, ಹುರುಳಿಯ ಹೊಲ. ಆಚೆ ಎಲ್ಲ ಸೀತಾಫಲ, ಕಾರೆ, ಬಾರೆ, ಮೊಣಕಾಲೆತ್ತರದ ಹುಲ್ಲು. ಹುಣಸೆ ಮರದ ಕೆಳಗೆ ನಿಂತರೆ ಒಂದು ಕಡೆ ಕರೂರಿನ ಕಾರ್ಖಾನೆಗಳ ತಗಡು ಮಿನುಗುತ್ತದೆ, ಇನ್ನೊಂದು ಕಡೆ ಹರಿಹರ. ಹರಿಹರದ ಆಚೆ, ಮಳೆ ತೊಳೆದ ದಿನ, ಭಾನುವಳ್ಳಿ ಕಡೆಯ ಗದ್ದೆಗಳು ಹಸಿರು ದಾರದ ಹಾಗೆ ಕಾಣುತ್ತವೆ. ಕೆಳಗಿನವರಿಗೆ ಕಾಲುವೆಯ ನೀರು, ಇವರಿಗೆ ಅದರ ನೋಟ.

ನಾನು ಮೊದಲ ಸಲ ಹೋದದ್ದು ಮೊದಲ ಮಳೆ ಬಿದ್ದ ಮಾರನೆಯ ದಿನ. ದಾರಿಯಲ್ಲಿ ಊರಿಗೆ ಊರೇ ನಮ್ಮ ಜೊತೆ ಹತ್ತುತ್ತಿತ್ತು. ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು, ಮುಂದೆ ದನ. ಬೇಸಿಗೆಯಲ್ಲಿ ದೊಣೆ ಬತ್ತಿದಾಗ ಎರಡು ತಿಂಗಳು ಇವರು ಕೆರೆಯ ಅಂಚಿಗೆ ಇಳಿದು ಗುಡಿಸಲು ಹಾಕಿಕೊಂಡು ಕೂಲಿ ಮಾಡುತ್ತಾರೆ. ಮಳೆ ಬಿದ್ದ ಕೂಡಲೇ ವಾಪಸ್.

ನನ್ನ ಮುಂದೆ ನಡೆಯುತ್ತಿದ್ದ ಹೆಂಗಸು ಐವತ್ತೈದರ ಆಸುಪಾಸಿನವಳು, ತೆಳ್ಳಗೆ, ಕಂಚಿನ ಗಂಟಲು. ನಾನು ಕೆಮ್ಮಿ "ಎಕ್ಸ್‌ಕ್ಯೂಸ್ ಮಿ" ಅಂದೆ. ಅವಳು ತಿರುಗಿ ನೋಡಿದಳು.

"ಖಾದರಣ್ಣ, ಈ ಅಮ್ಮಾರು ಕೆಮ್ಮಿದ್ರೂ ಇಂಗ್ಲಿಷ್ ಬರ್ತೈತಲ್ಲ! ಇವ್ರೇ ಏನು ಬರೆಯೋರು?"

ಅವಳೇ ಹಾಲಮ್ಮ. ಊರಿನ ಕಾಗದಪತ್ರವೆಲ್ಲ ಅವಳ ಹತ್ತಿರ, ಸೀರೆ ಅಂಗಡಿಯ ಒಂದು ಪ್ಲಾಸ್ಟಿಕ್ ಕವರಿನಲ್ಲಿ. ಕನ್ನಡ ಓದುತ್ತಿದ್ದಳು, ಒಂದೊಂದೇ ಅಕ್ಷರ ಹಿಡಿದು, ನಿಧಾನವಾಗಿ. ಏನು ಆಗಬೇಕಿದೆ ಎಂದು ಹತ್ತುವ ದಾರಿಯಲ್ಲೇ ಹೇಳಿದಳು. ಇವರ ಮನೆ, ಹೊಲ ಇರುವ ಜಾಗ ದಾಖಲೆಯಲ್ಲಿ ಕಾಡು. ಮೂರು ತಲೆಮಾರಿನಿಂದ ಬಿಡದೆ ಇಲ್ಲೇ ಇದ್ದೇವೆ ಎಂದು ತೋರಿಸಿದರೆ ಹಕ್ಕುಪತ್ರ ಕೊಡುತ್ತಾರೆ. ತೋರಿಸದಿದ್ದರೆ ಅರಣ್ಯ ಇಲಾಖೆಯವರು ಹೊಲಕ್ಕೆ ಬೇಲಿ ಹಾಕಿ ಸಸಿ ನೆಡುತ್ತಾರೆ. ಕಾಗದ ಯಾವುದೂ ಇಲ್ಲ, ಹಿರಿಯರ ಹೇಳಿಕೆಯೇ ಸಾಕ್ಷಿ.

"ಬಿಡದೆ ಅಂತ ಐತಲ್ರೀ, ಅದೊಂದೇ ಮಾತು ಗಟ್ಟಿ ಬರೀರಿ," ಎಂದಳು ಹಾಲಮ್ಮ.

"ಆದರೆ ನೀವು ಈಗ ಬಿಟ್ಟು ಹೋಗಿದ್ದಿರಲ್ಲ?"

"ಎಲ್ಲಿ ಬಿಟ್ಟೀವಿ? ಕೆಂಡ ಐತಲ್ರೀ ಮ್ಯಾಲೆ."

ಮೇಲೆ ಹೋಗಿ ನೋಡಿದೆ. ಇಪ್ಪತ್ತೊಂದು ಮನೆಯ ಬಾಗಿಲಿಗೆ ಮುಳ್ಳು ಅಡ್ಡ ಇತ್ತು. ಒಂದೇ ಮನೆಯ ಮಾಡಿನಿಂದ ಹೊಗೆ ಏಳುತ್ತಿತ್ತು. ಪ್ರತಿ ಬೇಸಿಗೆಯಲ್ಲಿ ಒಂದು ಮನೆಯವರು ಕೆಳಗೆ ಇಳಿಯುವುದಿಲ್ಲ. ಅವರ ಒಲೆಯ ಕೆಂಡ ಆರಬಾರದು. ಅದಕ್ಕೆ ಕೆಂಡದ ಪಾಳಿ ಎಂದು ಹೆಸರು. ಕೆಳಗಿದ್ದವರು ಸರದಿಯಲ್ಲಿ ದಿನಕ್ಕೆ ಒಂದು ಕೊಡ ನೀರು ಹೊತ್ತು ತಂದು ಆ ಮನೆಗೆ ಕೊಡಬೇಕು. ಮಳೆ ಬಿದ್ದು ಎಲ್ಲರೂ ಹತ್ತಿ ಬಂದಾಗ, ಪ್ರತಿ ಮನೆಯ ಹೆಂಗಸು ಒಡೆದ ಮಡಕೆಯ ಚೂರಿನಲ್ಲಿ ಆ ಒಲೆಯ ಕೆಂಡ ತೆಗೆದುಕೊಂಡು ಹೋಗಿ ತನ್ನ ಒಲೆ ಹೊತ್ತಿಸಬೇಕು. ಬೆಂಕಿಪೊಟ್ಟಣ ಗೀರುವ ಹಾಗಿಲ್ಲ. ಗ್ಯಾಸ್ ಸಿಲಿಂಡರ್ ಇದ್ದ ಮನೆಯವರೂ ಮೊದಲ ಹಾಲು ಕಾಯಿಸುವುದು ಆ ಕೆಂಡದಲ್ಲೇ.

ಆ ವರ್ಷದ ಪಾಳಿ ಕರಿಯಜ್ಜನದು. ತೊಂಬತ್ತರ ಹತ್ತಿರ ಇರಬೇಕು, ಕಣ್ಣು ಮಂಜು. ಒಲೆಯ ಪಕ್ಕ ಮಣೆ ಹಾಕಿ ಕೂತಿದ್ದ. ಬಂದ ಹೆಂಗಸರಿಗೆಲ್ಲ ಇಕ್ಕಳದಲ್ಲಿ ಕೆಂಡ ಎತ್ತಿ ಹಾಕುತ್ತಾ, ದನಿಯಿಂದಲೇ ಗುರುತು ಹಿಡಿದು ಒಬ್ಬೊಬ್ಬರನ್ನೂ ಮಾತಾಡಿಸುತ್ತಿದ್ದ.

"ಯಾರು, ಗಂಗವ್ವನಾ? ಕೆರೆ ನೀರು ಕುಡ್ದು ದಪ್ಪ ಆಗೀಯೇನು, ನೆಲ ಅದುರ್ತೈತೆ."

"ನಿನ್ನ ಕಣ್ಣು ಹೋದ್ರೂ ನಾಲಿಗೆ ಹೋಗ್ಲಿಲ್ಲ ನೋಡಜ್ಜ!"

ನಾನು ಬಾಗಿಲಲ್ಲಿ ನಿಂತಿದ್ದೆ. ನಮ್ಮ ಕಾನ್ವೆಂಟಿನ ಚಾಪೆಲ್ಲಿನಲ್ಲಿ ಹಗಲೂ ರಾತ್ರಿ ಆರದೆ ಉರಿಯುತ್ತಿದ್ದ ಕೆಂಪು ದೀಪ ನೆನಪಾಯಿತು. ಇದನ್ನು ಬರೆಯಬೇಕು ಎಂದುಕೊಂಡೆ. ಹೇಳಿಕೆಯಲ್ಲಿ ಬರೆಯಬೇಕು ಎಂದಲ್ಲ. ಪೇಪರಿಗೆ.

ಜುಲೈ, ಆಗಸ್ಟ್ ಪೂರ್ತಿ ವಾರಕ್ಕೆ ಎರಡು ದಿನ ಹೋದೆ. ಗುಡ್ಡದ ಮಳೆ ಜೋರಾಗಿ ಬರುವುದೇ ಇಲ್ಲ, ಜರಡಿ ಹಿಡಿದ ಹಾಗೆ ಇಡೀ ದಿನ ಉದುರುತ್ತದೆ. ಕಂಬಳಿ ಹೊದ್ದು ಕರಿಯಜ್ಜನ ಜಗಲಿಯಲ್ಲಿ ಕೂತು ಹಿರಿಯರು ಹೇಳಿದ್ದನ್ನು ಬರೆದುಕೊಂಡೆ. ಹುಣಸೆ ಮರ ನೆಟ್ಟವಳ ಹೆಸರು, ಬಂಡೆಯ ಮೇಲೆ ತಲೆಮಾರುಗಳು ನವಣೆ ಕುಟ್ಟಿ ಕುಟ್ಟಿ ಬಿದ್ದ ಕುಳಿಗಳು, ಸಮಾಧಿಯ ಕಲ್ಲುಗಳು. ಕರಿಯಜ್ಜ ಹೇಳಿದ್ದು ಊರು ಹುಟ್ಟಿದ ಕಥೆ.

"ಕೆಳಗೆ ಪಿಲೇಗು ಬಂತು. ಇಲಿ ಬಿದ್ದ ಮನಿ ಬಿಟ್ಟು ಓಡ್ರಿ ಅಂದ್ರು. ನಮ್ಮಜ್ಜನ ಅಪ್ಪ, ಮತ್ತೆ ಇನ್ನೆಲ್ಡು ಮನಿಯೋರು ಗುಡ್ಡ ಹತ್ತಿದ್ರು. ಎಲ್ಲ ಬಿಟ್ಟು ಬಂದ್ರು, ಒಂದ್ ಮಡಕೇಲಿ ಕೆಂಡ ಮಾತ್ರ ತಂದ್ರು. ಆ ಕೆಂಡ ಇವತ್ತಿಗೂ ಆರಿಲ್ಲಮ್ಮ. ಅದು ಆರಿದ್ರೆ ಊರು ಆರಿದಂಗೆ."

ನಾನು ಹೇಳಿಕೆಯನ್ನು ನೀಟಾಗಿ ಕಾಪಿ ಮಾಡಿ ಓದಿ ಹೇಳಿದೆ, ಅಜ್ಜ ಹೆಬ್ಬೆಟ್ಟು ಒತ್ತಿದ. "ಅಮ್ಮಾರ ಬಾಯಾಗೆ ನನ್ನ ಮಾತು ಎಷ್ಟು ಚಂದ ಆತು," ಎಂದ. ಕೆಂಡದ ಪಾಳಿಯ ಮಾತು ಅದರಲ್ಲಿ ಇತ್ತು. ಹೇಳಿಕೆಯಲ್ಲಿ ನಾನು ಮೋಸ ಮಾಡಲಿಲ್ಲ. ಅಷ್ಟು ಮಾತ್ರ ನಾನು ಎದೆ ಮುಟ್ಟಿ ಹೇಳಬಲ್ಲೆ.

ಸೆಪ್ಟೆಂಬರಿನಲ್ಲಿ ಸೀತಾಫಲ ಬಲಿತವು. ಆ ಮರಗಳು ಯಾರ ಸ್ವಂತವೂ ಅಲ್ಲ. ಅದಕ್ಕೇ ಒಂದು ಕಟ್ಟು ಇತ್ತು: ಕಾಯಿಯ ಗೆರೆಗಳು ಬಿರಿದು ಹಳದಿಯಾಗುವವರೆಗೆ, ಅಂದರೆ ಕಣ್ಣು ಬಿಡುವವರೆಗೆ, ಯಾರೂ ಮುಟ್ಟುವ ಹಾಗಿಲ್ಲ. ಕಣ್ಣು ಬಿಟ್ಟಿದೆ ಎಂದು ಹಾಲಮ್ಮ ಹುಣಸೆ ಮರದ ಕೆಳಗೆ ನಿಂತು ಕೂಗಿದ ಬೆಳಿಗ್ಗೆ ಎಲ್ಲರೂ ಬುಟ್ಟಿ ಹಿಡಿದು ಹೊರಟರು. ಆ ಒಂದು ತಿಂಗಳು ಊರಿನ ಗಾಳಿಯೇ ಸಿಹಿ. ನನ್ನ ಸೀರೆ, ನೋಟ್‌ಬುಕ್ಕು, ಖಾದರ್ ಸಾಬರ ಆಟೋ, ಎಲ್ಲಕ್ಕೂ ಅದೇ ವಾಸನೆ.

ಆ ವಾಸನೆಯ ನಡುವೆಯೇ ನಾನು ಲೇಖನ ಬರೆದೆ. ಆರುನೂರು ಪದ, ಇಂಗ್ಲಿಷಿನಲ್ಲಿ. ಬೇಸಿಗೆಯಲ್ಲಿ ಕಾಣೆಯಾಗಿ ಮಳೆಗೆ ಮರಳಿ ಹುಟ್ಟುವ ಊರು ಎಂಬ ಥೀಮ್. ಕರಿಯಜ್ಜನ ಒಲೆಯ ಭಾಗವನ್ನೂ ಮೊದಲು ಬರೆದಿದ್ದೆ. ಓದಿ ನೋಡಿದರೆ ಅದು ಲೇಖನವನ್ನು ಕೆಡಿಸುತ್ತಿತ್ತು. ಊರು ಪೂರ್ತಿ ಖಾಲಿಯಾದರೇ ಚಂದ, ಒಬ್ಬ ಮುದುಕ ಒಲೆ ಮುಂದೆ ಕೂತಿದ್ದರೆ ಆ ಎಫೆಕ್ಟ್ ಬರುವುದಿಲ್ಲ. ಹೊಡೆದುಹಾಕಿದೆ. ಆದರೆ ಕೆಂಡದ ಮೇಲಿನ ಆಸೆ ಬಿಡಲಿಲ್ಲ. ಕೊನೆಯ ಸಾಲಿಗೆ ಅದನ್ನೇ ತಂದೆ. ಆ ಎರಡು ತಿಂಗಳು ಊರಿನಲ್ಲಿ ಯಾರೂ ಇರುವುದಿಲ್ಲ, ಒಂದು ಕೆಂಡ ಕೂಡ ಮಿನುಗುವುದಿಲ್ಲ. "ನಾಟ್ ಈವನ್ ಆನ್ ಎಂಬರ್." ಬರೆದು ಗಟ್ಟಿಯಾಗಿ ಓದಿಕೊಂಡೆ. ಎಷ್ಟು ಚೆನ್ನಾಗಿ ಬಂದಿದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಒಂದು ವಾಕ್ಯದ ನಾದಕ್ಕಾಗಿ ನಾನು ಆ ಊರಿನ ಒಲೆಗೆ ನೀರು ಹೊಯ್ದಿದ್ದೆ. ಆಗ ಹಾಗನ್ನಿಸಲಿಲ್ಲ.

ಲೇಖನ ಬಂದ ಭಾನುವಾರ ಹಳೆಯ ಸ್ಟೂಡೆಂಟ್‌ಗಳ ಗ್ರೂಪಿನಲ್ಲಿ ಮೂವತ್ತು ಜನ ಚಪ್ಪಾಳೆಯ ಚಿತ್ರ ಹಾಕಿದರು. ಆ ಕೊನೆಯ ಸಾಲನ್ನೇ ಮೆಚ್ಚಿ ಒಬ್ಬಳು ಫೋನ್ ಮಾಡಿದಳು. ನಾನು ಪೇಪರನ್ನು ಮಡಚಿ ಬ್ಯಾಗಿನಲ್ಲಿ ಇಟ್ಟುಕೊಂಡು ಗುಡ್ಡ ಹತ್ತಿದೆ. ತೋರಿಸದೆ ಇರಲು ಆಗಲಿಲ್ಲ.

ಹುಣಸೆ ಮರದ ಫೋಟೋ ನೋಡಿ ಊರವರೆಲ್ಲ ಮುತ್ತಿಕೊಂಡರು. ಹಾಲಮ್ಮ ಪೇಪರನ್ನು ಎರಡೂ ಕೈಯಲ್ಲಿ ಹಿಡಿದಳು.

"ಕೆಂಡದ್ದು ಬರ್ದೀರೇನ್ರೀ ಮೇಡಮ್ಮಾರೆ?"

"ಬರೆದಿದ್ದೇನೆ. ಕೊನೆಯ ಸಾಲೇ ಅದು," ಎಂದೆ.

ಆಗಲೂ ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಹೊಳೆಯಲಿಲ್ಲ. ಹಾಲಮ್ಮ ಪೇಪರನ್ನು ನನಗೆ ವಾಪಸ್ ಕೊಡಲಿಲ್ಲ. ಸೀರೆ ಅಂಗಡಿಯ ಕವರಿಗೆ ಹಾಕಿಕೊಂಡಳು.

"ಇದು ಅರ್ಜಿ ಸಂಗಾಟ ಹೋಗ್ಲಿ. ಹೆಬ್ಬೆಟ್ಟಿಗಿಂತ ಇಂಗ್ಲಿಷ್ ಪೇಪರ್ ಗಟ್ಟಿ."

ಖಾದರ್ ಸಾಬ್ ತಲೆಯಾಡಿಸಿದರು. "ಬರೋಬ್ಬರಿ. ಆಫೀಸಿನೋರು ಇದನ್ನ ನೋಡಿದ್ರೆ ಎದ್ದು ನಿಲ್ತಾರೆ."

ಬೇಡ ಎನ್ನಬೇಕಿತ್ತು. ಅದು ಬರೀ ಲೇಖನ, ಸಾಕ್ಷಿಯಲ್ಲ ಎಂದು ಹೇಳಬೇಕಿತ್ತು. ಹೇಳಲಿಲ್ಲ, ಯಾಕೆಂದರೆ ನನಗೆ ಖುಷಿಯಾಗಿತ್ತು. ನನ್ನ ಬರಹ ಒಂದು ಫೈಲಿನೊಳಗೆ ಹೋಗುತ್ತಿದೆ, ಕೆಲಸಕ್ಕೆ ಬರುತ್ತಿದೆ! ವ್ಯಾನಿಟಿ, ಪ್ಯೂರ್ ವ್ಯಾನಿಟಿ. ಮೂರನೆಯ ಲಗತ್ತು ಎಂದು ಅದರ ನೆತ್ತಿಯ ಮೇಲೆ ಬರೆದುಕೊಟ್ಟವಳೂ ನಾನೇ.

ಜನವರಿಯಲ್ಲಿ ಉತ್ತರ ಬಂತು. ಹಾಲಮ್ಮ ಒಡೆಯದೆ ಇಟ್ಟುಕೊಂಡಿದ್ದಳು, ನಾನೇ ಓದಬೇಕೆಂದು. ಮಧ್ಯಾಹ್ನ, ಕರಿಯಜ್ಜನ ಜಗಲಿ, ಊರೆಲ್ಲ ಕೂತಿತ್ತು. ಹುರುಳಿ ಬಡಿಯುವುದನ್ನು ನಿಲ್ಲಿಸಿ ಬಂದಿದ್ದರು, ಕೂದಲಲ್ಲೆಲ್ಲ ಹೊಟ್ಟು. ನಾನು ಕನ್ನಡಕ ಹಾಕಿಕೊಂಡು ಗಂಟಲು ಸರಿ ಮಾಡಿಕೊಂಡೆ. ಒಂದು ಪುಟದ ಪತ್ರ, ಕನ್ನಡದಲ್ಲಿ. ಅಷ್ಟನ್ನೂ ಗಟ್ಟಿಯಾಗಿ ಓದಿದೆ. ಅರ್ಜಿ ತಿರಸ್ಕರಿಸಲಾಗಿದೆ. ಮೂರನೆಯ ಲಗತ್ತಿನಲ್ಲಿ ಗುರುತಿಸಿದ ಭಾಗದ ಪ್ರಕಾರ ನಿರಂತರ ವಾಸ ಸಾಬೀತಾಗಿಲ್ಲ. ಅರವತ್ತು ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು. ಅದರ ಹಿಂದೆ ಪಿನ್ ಹೊಡೆದಿದ್ದ ಇಂಗ್ಲಿಷ್ ಹಾಳೆ. ಹುಣಸೆ ಮರದ ಫೋಟೋ. ಕೊನೆಯ ಸಾಲಿನ ಕೆಳಗೆ ಕೆಂಪು ಗೆರೆ.

ನನ್ನ ವಾಕ್ಯವನ್ನು ಅಷ್ಟು ಗಮನವಿಟ್ಟು ಓದಿದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ.

"ಕೆಂಪು ಗೆರಿ ಹಾಕ್ಯಾರಲ್ರೀ, ಏನೈತೆ ಅಲ್ಲಿ?" ಹಾಲಮ್ಮ ಬಗ್ಗಿ ನೋಡಿದಳು.

ಒಂದು ಸಾಲು. ಓದಿ ಕನ್ನಡದಲ್ಲಿ ಹೇಳಿದ್ದರೆ ಅರ್ಧ ನಿಮಿಷದ ಕೆಲಸ. ಇದು ತಪ್ಪು, ನಾನು ಚಂದಕ್ಕೆ ಬರೆದದ್ದು, ನಾನೇ ಬಂದು ಹೇಳುತ್ತೇನೆ ಎಂದಿದ್ದರೆ ಆ ಮಧ್ಯಾಹ್ನವೇ ಎಲ್ಲ ಸರಿಹೋಗುತ್ತಿತ್ತೋ ಏನೋ. ಅರವತ್ತು ದಿನ ಇತ್ತು. ಇಪ್ಪತ್ತೆರಡು ಮನೆಯ ಮುಖಗಳು ನನ್ನನ್ನೇ ನೋಡುತ್ತಿದ್ದವು, ಎಲ್ಲವೂ ನಂಬಿಕೆಯ ಮುಖಗಳು. ಆ ಮುಖಗಳು ಬದಲಾಗುವುದನ್ನು ನೋಡುವ ಧೈರ್ಯ ನನಗೆ ಇರಲಿಲ್ಲ.

"ಹಳೆಯ ದಾಖಲೆ ಕೇಳ್ತಿದ್ದಾರೆ," ಎಂದೆ. "ಎಷ್ಟು ವರ್ಷ ಅನ್ನೋದಕ್ಕೆ ಹೇಳಿಕೆ ಸಾಲದಂತೆ."

ಯಾರ ಮೊಬೈಲಾದರೂ ಆ ಸಾಲನ್ನು ಓದಿ ಕನ್ನಡ ಮಾಡಿಬಿಡಬಹುದಿತ್ತು. ಕರೂರಿಗೆ ಕೆಲಸಕ್ಕೆ ಹೋಗುವ ಹುಡುಗರೆಲ್ಲರ ಕೈಯಲ್ಲೂ ಮೊಬೈಲಿತ್ತು. ಯಾರೂ ಓದಿಸಲಿಲ್ಲ. ಬರೆದವಳೇ ಎದುರಿಗೆ ಕೂತಿರುವಾಗ ಮೊಬೈಲನ್ನು ಯಾಕೆ ಕೇಳುತ್ತಾರೆ?

ಆಗ ಕರಿಯಜ್ಜ ಮಾತಾಡಿದ. ಜಗಲಿಯ ಮೂಲೆಯಿಂದ, ಮೆಲ್ಲಗೆ.

"ನಂದೇ ತಪ್ಪು ಕಣಮ್ಮ. ನಮ್ಮಜ್ಜನ ಅಪ್ಪನ ಹೆಸ್ರು ನಂಗೆ ನೆಟ್ಟಗೆ ನೆನಪು ಬರ್ಲಿಲ್ಲ. ಒಂದ್ ಸಲ ಬರ್ಮಪ್ಪ ಅಂದೆ, ಒಂದ್ ಸಲ ಬರ್ಮಯ್ಯ ಅಂದೆ. ಅದನ್ನೇ ಹಿಡ್ಕಂಡಾರೆ. ನನ್ನ ನೆನಪು ಊರಿಗೆ ಸಾಲ್ಲಿಲ್ಲ."

"ಇಲ್ಲ ಅಜ್ಜ, ಹಾಗಲ್ಲ," ಎಂದೆ. ಅಷ್ಟೇ ಅಂದೆ. ಅವನು ನನ್ನ ಕೈ ತಡಕಿ ಹಿಡಿದುಕೊಂಡು, "ಅಮ್ಮಾರೆ, ನಿಮ್ಮ ದುಡಿತ ಹಾಳು ಮಾಡಿದೆ," ಎಂದ. ನನ್ನ ಬಳಿ ಕ್ಷಮೆ ಕೇಳಿದ! ನಾನು ಆ ಕ್ಷಮೆಯನ್ನು ತೆಗೆದುಕೊಂಡೆ. ತೆಗೆದುಕೊಂಡು ಮನೆಗೆ ಬಂದು ಊಟ ಮಾಡಿದೆ.

ಅರವತ್ತು ದಿನವನ್ನು ನಾನು ಹೇಳಿದ ಸುಳ್ಳಿನ ಹಿಂದೆ ಓಡಿ ಅವರು ಕಳೆದರು. ಹಾಲಮ್ಮ ಖಾದರ್ ಸಾಬರ ಆಟೋದಲ್ಲಿ ಹರಿಹರ, ದಾವಣಗೆರೆ ಎಂದು ಕಚೇರಿ ಕಚೇರಿ ಅಲೆದಳು. ಇಲ್ಲದ ದಾಖಲೆ ಎಲ್ಲಿ ಸಿಗಬೇಕು? ಮೇಲ್ಮನವಿಯನ್ನು ನಾನೇ ಬರೆದುಕೊಟ್ಟೆ, ತುಂಬ ಒಳ್ಳೆಯ ಭಾಷೆಯಲ್ಲಿ. ಪ್ಲೇಗು, ಹುಣಸೆ, ಕುಳಿ ಎಲ್ಲ ಇತ್ತು. ಕೆಂಪು ಗೆರೆಯ ಮಾತು ಒಂದೂ ಇರಲಿಲ್ಲ. ಅದೂ ವಜಾ ಆಯಿತು. ಹಾಲಮ್ಮ ಫೋನಿನಲ್ಲಿ ಆ ಆದೇಶವನ್ನು ಅಕ್ಷರ ಅಕ್ಷರ ಕೂಡಿಸಿ ಓದಿದಳು. ಗುರುತಿಸಿದ ಭಾಗಕ್ಕೆ ಅರ್ಜಿದಾರರು ಯಾವುದೇ ಆಕ್ಷೇಪ ಸಲ್ಲಿಸಿರುವುದಿಲ್ಲ.

"ಗುರುತಿಸಿದ ಭಾಗ ಅಂದ್ರೆ ಯಾವುದ್ರೀ?"

"ಅದೇ ಹಾಲಮ್ಮ, ದಾಖಲೆಯದು," ಎಂದೆ. ಫೋನಿಟ್ಟೆ. ಆಮೇಲೆ ಆ ನಂಬರಿನಿಂದ ಬಂದ ಫೋನನ್ನು ಎತ್ತಲಿಲ್ಲ.

ಇದಿಷ್ಟೂ ಹಳೆಯದು. ಬೇಲಿ ಬಂದದ್ದು, ಇಳಿಜಾರಿನ ನವಣೆ ಹೊಲದಲ್ಲಿ ಹೊಂಗೆ ಸಸಿ ನೆಟ್ಟದ್ದು, ಎಂಟು ಮನೆಯವರು ಇಳಿದು ಕರೂರಿನ ಕಾರ್ಖಾನೆಗಳ ಹತ್ತಿರ ಬಾಡಿಗೆ ರೂಮು ಹಿಡಿದದ್ದು, ಎಲ್ಲ ಖಾದರ್ ಸಾಬ್ ಯಾವಾಗಲೋ ಸಿಕ್ಕಾಗ ಹೇಳಿದ್ದು. ಕರಿಯಜ್ಜ ಹೋದದ್ದನ್ನೂ ಹಾಗೆಯೇ ಹೇಳಿದರು. "ಕೊನೀತನಕ ಅದೇ ಹೆಸ್ರು ಹುಡುಕ್ತಿದ್ದ ಮೇಡಂ. ಬರ್ಮಪ್ಪನೋ, ಬರ್ಮಯ್ಯನೋ ಅಂತ." ನಾನು ಅಂದು ಸೊಪ್ಪು ಕೊಳ್ಳುತ್ತಿದ್ದೆ. ಕೊತ್ತಂಬರಿಯ ಕಟ್ಟು ಹಾಗೇ ಕೈಯಲ್ಲಿ ಉಳಿಯಿತು.

ಬಸ್ಸಿನಲ್ಲಿ ಸೀಟು ಬಿಟ್ಟು ಎದ್ದ ದಿನ ಮನೆಗೆ ಬಂದು ವಿಮಲಳಿಗೆ ಎಲ್ಲ ಹೇಳಿದೆ. ಇಷ್ಟು ದಿನ ಅವಳಿಗೂ ಹೇಳಿರಲಿಲ್ಲ. ಅವಳು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಬೈಯುತ್ತಾಳೆ ಅಂದುಕೊಂಡೆ.

"ನಂಗೆ ಯಾಕೆ ಹೇಳ್ತೀಯಾ?" ಎಂದಳು. "ಇದು ನನ್ನ ಊರಾ?"

ಮಾರನೆಯ ಬೆಳಿಗ್ಗೆ ಖಾದರ್ ಸಾಬರಿಗೆ ಫೋನ್ ಮಾಡಿದೆ. ಅವರು ಒಂದು ಮಾತೂ ಕೇಳದೆ ಬಂದರು. ಈ ಸಲ ಹತ್ತಲು ಒಂದೂವರೆ ಗಂಟೆ ಹಿಡಿಯಿತು. ದಾರಿಯ ಎರಡೂ ಕಡೆ ಸೀತಾಫಲ ತೂಗುತ್ತಿದ್ದವು. ಮೇಲೆ ಜನ ಇದ್ದದ್ದು ಹದಿನಾಲ್ಕು ಮನೆಯಲ್ಲಿ, ಉಳಿದವುಗಳ ಬಾಗಿಲಿಗೆ ಮುಳ್ಳು. ತಂತಿಯಾಚೆ ಹೊಂಗೆ ಸಸಿಗಳು ಎದೆಯುದ್ದ ಬೆಳೆದಿದ್ದವು.

ಹಾಲಮ್ಮ ಅಂಗಳದಲ್ಲಿ ಹಣ್ಣು ಆರಿಸುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಓ, ಬರ್ರಿ ಬರ್ರಿ ಮೇಡಮ್ಮಾರೆ! ಕಾಲು ನೋವು ಅಂತಿದ್ರು, ಹೆಂಗೆ ಹತ್ತಿದ್ರಿ? ಕೂಡ್ರಿ. ಕಣ್ಣು ಬಿಟ್ಟ ಹಣ್ಣು ತಿನ್ನುವಂತ್ರಿ."

"ಹಣ್ಣು ಬೇಡ. ಕವರ್ ತಗೊಂಡು ಬಾ, ಹಾಲಮ್ಮ."

ಅದೇ ಸೀರೆ ಅಂಗಡಿಯ ಕವರು, ಮಡಿಕೆಯಲ್ಲಿ ಹರಿದು ಟೇಪು ಅಂಟಿಸಿತ್ತು. ನಾನು ಮೂರನೆಯ ಲಗತ್ತನ್ನು ತೆಗೆದೆ. ಮೊದಲು ಇಂಗ್ಲಿಷಿನಲ್ಲಿ ಓದಿದೆ, ಗಟ್ಟಿಯಾಗಿ, ಒಂದು ಪದವನ್ನೂ ಬಿಡದೆ. ಆಮೇಲೆ ಕನ್ನಡದಲ್ಲಿ ಹೇಳಿದೆ. ಆ ಎರಡು ತಿಂಗಳು ಊರಿನಲ್ಲಿ ಯಾರೂ ಇರುವುದಿಲ್ಲ. ಒಂದು ಕೆಂಡ ಕೂಡ ಮಿನುಗುವುದಿಲ್ಲ. ಆಮೇಲೆ, ಆ ದಿನ ಜಗಲಿಯಲ್ಲಿ ಕೂತು ಇದನ್ನು ಓದದೆ ನಾನು ಏನು ಹೇಳಿದೆನೋ ಅದನ್ನೂ ಹೇಳಿದೆ.

ಹಾಲಮ್ಮನ ಕೈಯಲ್ಲಿ ಒಂದು ಹಣ್ಣಿತ್ತು. ಅದನ್ನು ಬುಟ್ಟಿಯಲ್ಲಿ ಇಟ್ಟಳು.

"ಇನ್ನೊಂದ್ ಸಲ ಹೇಳ್ರಿ."

ಹೇಳಿದೆ.

"ನೀವು ಒಲಿ ನೋಡಿದ್ರಿ. ಬಾಗ್ಲಾಗೆ ನಿಂತು ನೋಡಿದ್ರಿ, ನಾನೇ ನಿಮ್ಮ ಪಕ್ಕ ಇದ್ದೆ."

"ನೋಡಿದ್ದೆ."

"ಮತ್ಯಾಕ ಹಂಗೆ ಬರೆದ್ರಿ?"

"ಚೆನ್ನಾಗಿ ಕಾಣಲಿ ಅಂತ."

ಅವಳು ಬೈಯಲಿಲ್ಲ, ಅಳಲಿಲ್ಲ. ಖಾದರ್ ಸಾಬ್ ಟೋಪಿ ತೆಗೆದು ತಲೆ ಕೆರೆದುಕೊಂಡು ಆಚೆ ಹುಣಸೆ ಮರದ ಕಡೆ ಹೋದರು. ಹಾಲಮ್ಮ ಅಂದಳು, "ಅಜ್ಜಗೆ ಹೇಳ್ಬೇಕಿತ್ತಲ್ರೀ. ನಮಗೆ ಬಿಡ್ರಿ. ಅಜ್ಜ ಇರಾಗ ಅಜ್ಜಗೆ ಹೇಳ್ಬೇಕಿತ್ತು."

ನಾನು ಲಗತ್ತನ್ನು ಮಡಚಿ ಕವರಿಗೆ ವಾಪಸ್ ಹಾಕಿದೆ.

"ಮತ್ತೆ ಅರ್ಜಿ ಹಾಕೋಣ," ಎಂದೆ. "ನಾನು ತಪ್ಪು ಬರೆದೆ ಅಂತ ಹೇಳಿಕೆ ಬರೆದುಕೊಡ್ತೀನಿ. ಈಗಲೇ ಬರೀತೀನಿ. ಪೆನ್ ಕೊಡು."

ಅವಳು ಒಳಗೆ ಹೋಗಿ ಒಂದು ಹಾಳೆ, ಪೆನ್ನು ತಂದಳು. ನಾನು ಕೈ ನೀಡಿದೆ. ಕೊಡಲಿಲ್ಲ. ಮಣೆಯ ಮೇಲೆ ಹಾಳೆ ಇಟ್ಟುಕೊಂಡು ತಾನೇ ಕೂತಳು.

"ನೀವು ಹೇಳ್ರಿ. ನಾ ಬರೀತೀನಿ."

ಎರಡು ಗಂಟೆ ಹಿಡಿಯಿತು. ನಾನು ಒಂದೊಂದು ವಾಕ್ಯ ಹೇಳುತ್ತಿದ್ದೆ, ಅವಳು ನಾಲಿಗೆ ಕಚ್ಚಿಕೊಂಡು ಒಂದೊಂದು ಅಕ್ಷರ ಮೂಡಿಸುತ್ತಿದ್ದಳು. ನನ್ನ ಹೆಸರು, ವಯಸ್ಸು, ವಿಳಾಸ. ಪೇಪರಿನಲ್ಲಿ ಬರೆದವಳು ನಾನೇ. ಕಣ್ಣಾರೆ ಕಂಡದ್ದನ್ನು ಬಿಟ್ಟು ಕಾಣದ್ದನ್ನು ಬರೆದೆ. ನಾನು ಒಂದು ಕಡೆ "ಆದ್ದರಿಂದ ತಮ್ಮಲ್ಲಿ ವಿನಮ್ರವಾಗಿ ನಿವೇದಿಸಿಕೊಳ್ಳುವುದೇನೆಂದರೆ" ಎಂದು ಶುರು ಮಾಡಿದೆ. ಅವಳು ಪೆನ್ನು ಎತ್ತಿದಳು.

"ಅದೆಲ್ಲ ಬ್ಯಾಡ. ಕೆಂಡ ಇತ್ತೋ ಇಲ್ಲೋ?"

"ಇತ್ತು."

ಅದನ್ನೇ ಬರೆದಳು. ಕೆಂಡ ಇತ್ತು.

"ಇದನ್ನ ತಗಂತಾರೋ ಇಲ್ಲೋ ಗೊತ್ತಿಲ್ಲ. ತಗಣ್ಲಿ ಬಿಡ್ಲಿ, ಕವರಿನಾಗೆ ಇರ್ಲಿ," ಎಂದಳು. ಆಮೇಲೆ ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಮೇಲಿನಿಂದ ಕೆಳಗಿನವರೆಗೆ, ಬೆರಳಿಟ್ಟು ಓದಿದಳು. ನನಗೆ ಕೇಳಲಿ ಎಂದು ಗಟ್ಟಿಯಾಗಿ ಓದಿದಳು. ಒಂದು ಸಾಲನ್ನೂ ಬಿಡಲಿಲ್ಲ. ನಾನು ಹೇಳಿದ್ದೆಲ್ಲ ಮುಗಿದ ಮೇಲೂ ಅವಳ ಬೆರಳು ಇನ್ನೊಂದು ಸಾಲಿಗೆ ಇಳಿಯಿತು.

"ಕರಿಯಜ್ಜನ ನೆನಪು ಸರಿ ಇತ್ತು."

ಆ ಸಾಲನ್ನು ನಾನು ಹೇಳಿರಲಿಲ್ಲ. ಅವಳು ನನ್ನ ಮುಖ ನೋಡದೆ ಹಾಳೆಯನ್ನು ನನ್ನ ಕಡೆ ತಿರುಗಿಸಿ ಪೆನ್ನು ಇಟ್ಟಳು. ನಾನು ಅದರ ಕೆಳಗೆ ಸಹಿ ಮಾಡಿದೆ.